ಅಂಟಿನಿಂದ ಉಳಿದ ಹಳ್ಳಿಗಳು
ಟರ್ಕಿ ಕರಾವಳಿಯ ಎದುರಿಗೇ ಇದೆ ಗ್ರೀಸ್ ದೇಶದ ಖಿಯೋಸ್ ದ್ವೀಪ. ಅದರ ದಕ್ಷಿಣದ ಹಳ್ಳಿಗಳಲ್ಲಿ ಮಾಸ್ಟಿಕ್ ಎಂಬ ಗಿಡ್ಡ ಮರ ಬೆಳೆಯುತ್ತಾರೆ. ಬೇಸಿಗೆಯಲ್ಲಿ ತೊಗಟೆಗೆ ಕಚ್ಚು ಹಾಕಿದರೆ ಪರಿಮಳದ ಅಂಟು ಹನಿಹನಿಯಾಗಿ ಇಳಿಯುತ್ತದೆ. ಅಗಿಯಲು, ಸಿಹಿತಿಂಡಿಗೆ, ಔಷಧಿಗೆ ಅದು ಬೇಕು.

1346ರಲ್ಲಿ ದ್ವೀಪ ಹಿಡಿದ ಜಿನೋವಾದವರು ಈ ಅಂಟಿನ ವ್ಯಾಪಾರಕ್ಕಾಗಿ ಹಳ್ಳಿಗಳನ್ನೇ ಕೋಟೆಯಂತೆ ಕಟ್ಟಿಸಿದರು. ಕದ್ದವರಿಗೆ ಕಠಿಣ ಶಿಕ್ಷೆ. 1566ರಲ್ಲಿ ಆಟೊಮನ್ ತುರ್ಕರು ಬಂದರು. ಅಂಟು ಸುಲ್ತಾನರ ಪಾಲಾಯಿತು.

1822ರಲ್ಲಿ, ಗ್ರೀಕರ ಸ್ವಾತಂತ್ರ್ಯ ಹೋರಾಟದ ಹೊತ್ತಿಗೆ, ಆಟೊಮನ್ ಸೈನ್ಯ ಇಲ್ಲಿ ಸಾವಿರಾರು ಜನರನ್ನು ಕೊಂದಿತು, ಸಾವಿರಾರು ಜನರನ್ನು ಗುಲಾಮರಾಗಿ ಮಾರಿತು. ಮಾಸ್ಟಿಕ್ ಹಳ್ಳಿಗಳನ್ನು ಮಾತ್ರ ಹೆಚ್ಚಾಗಿ ಮುಟ್ಟಲಿಲ್ಲ. ಅಂಟು ತೆಗೆಯುವ ಕೈಗಳು ಬೇಕಿದ್ದವು!

ಬೆಳೆ ಜೀವ ಉಳಿಸಿತು, ಲಾಭ ಮಾತ್ರ ಆಳುವವರಿಗೇ ಹೋಗುತ್ತಿತ್ತು. 1912ರಲ್ಲಿ ದ್ವೀಪ ಗ್ರೀಸ್ ಕೈಗೆ ಬಂತು. 1938ರಲ್ಲಿ ಬೆಳೆಗಾರರ ಸಹಕಾರ ಒಕ್ಕೂಟ ಶುರುವಾಯಿತು. ಇವತ್ತು ಅಂಟು ಕೊಂಡು ಮಾರುವುದು ಆ ಒಕ್ಕೂಟವೇ.