ಡಂಗುರದವನ ಸುದ್ದಿ ಯಾರು ಬರೀಬೇಕು?

ಸುರಪುರದ ಗುಡ್ಡದ ಮೇಲೆ ಟೇಲರ್ ಮಂಜಿಲ್ ಅಂತ ಒಂದು ಬಂಗಲೆ ಇದೆ. ಸಾಲಿ ಮಕ್ಕಳಿಗೆ ಅದನ್ನು ತೋರಿಸಿ ಫಿಲಿಪ್ ಮೆಡೋಸ್ ಟೇಲರನ ದೊಡ್ಡತನ ಹೇಳುವುದು ನಮ್ಮ ಕಡೆ ರೂಢಿ. ಎಳೆಯ ರಾಜ ವೆಂಕಟಪ್ಪ ನಾಯಕನ ಓದು ಬರಹ ನೋಡಿಕೊಂಡ, ಬೋನಾಳ ಕೆರೆ ಸುಧಾರಿಸಿದ, ಶಹಾಪುರದ ಹತ್ತಿರ ವಿಭೂತಿಹಳ್ಳಿಯ ಕಲ್ಲಿನ ಸಾಲುಗಳನ್ನು ವಿದ್ವಾಂಸರ ಗಮನಕ್ಕೆ ತಂದ. ಎಲ್ಲಾ ಖರೆ. ಆದರೆ ಒಂದು ಸಂಗತಿಯನ್ನು ಮಾತ್ರ ಯಾರೂ ಒತ್ತಿ ಹೇಳುವುದಿಲ್ಲ. 1840ರಿಂದ 1853ರ ತನಕ ಈ ಟೇಲರ್ ಲಂಡನ್ನಿನ ‘ಟೈಮ್ಸ್’ ಪತ್ರಿಕೆಯ ಬಾತ್ಮೀದಾರನಾಗಿದ್ದ. ಸುರಪುರದಲ್ಲಿ ಅವನ ಕಾರಭಾರ ನಡೆದದ್ದೂ ಹೆಚ್ಚುಕಡಿಮೆ ಅದೇ ಕಾಲ, 1841ರಿಂದ 1853.

ಅಂದರೆ ಕಂದಾಯ ಎತ್ತಿದವನೂ ಅವನೇ, ನ್ಯಾಯ ಹೇಳಿದವನೂ ಅವನೇ, ಈ ದೇಶದ ಸುದ್ದಿ ಬರೆದು ಹಡಗಿಗೆ ಹಾಕಿದವನೂ ಅವನೇ. ಟೇಲರ್ ಒಳ್ಳೆಯವನೋ ಕೆಟ್ಟವನೋ ಎಂಬುದು ಇಲ್ಲಿ ಪ್ರಶ್ನೆಯಲ್ಲ. ಆಳುವವನೂ ವರದಿಗಾರನೂ ಒಬ್ಬನೇ ಆದಾಗ ಆಳಿಸಿಕೊಂಡವರ ಮಾತು ಎಲ್ಲಿಗೆ ಹೋಯಿತು ಎಂಬುದು ಪ್ರಶ್ನೆ. 1858ರಲ್ಲಿ ದಂಗೆ ಎದ್ದು ಸೋತು ಸತ್ತ ವೆಂಕಟಪ್ಪ ನಾಯಕನ ಕೊನೆಯ ದಿನಗಳನ್ನು ಕೂಡ ನಾವು ಬಹಳಮಟ್ಟಿಗೆ ಟೇಲರನ ಆತ್ಮಕಥೆಯಿಂದಲೇ ತಿಳಿಯಬೇಕಾಗಿದೆ. ಅದು ಅಚ್ಚಾದದ್ದು 1877ರಲ್ಲಿ, ಅವನು ಸತ್ತ ಮರುವರ್ಷ. ರಾಜನ ಪಾಡೇ ಹೀಗಾದರೆ ಬೋನಾಳ ಕೆರೆಯ ಮಣ್ಣು ಹೊತ್ತವರ ಪಾಡೇನು? ಅರಮನೆಯ ಚರಿತ್ರೆ ಬರೆದು ಮುಗಿಸಿದ ಮೇಲೂ ಕೇರಿಯ ಚರಿತ್ರೆ ಶುರುವಾಗಿರುವುದಿಲ್ಲ.

ಪತ್ರಿಕೆ ಬರುವ ಮೊದಲು ಈ ಸೀಮೆಯ ಹಳ್ಳಿಗಳಲ್ಲಿ ಸುದ್ದಿ ಇರಲಿಲ್ಲವೇ? ಇತ್ತು. ಅದನ್ನು ಹೊತ್ತು ತಿರುಗಿದವರು ನಮ್ಮವರೇ. ಸರ್ಕಾರಿ ಹುಕುಂ ಬರಲಿ, ಕಂದಾಯದ ಗಡುವು ಬರಲಿ, ಜಾತ್ರೆಯ ದಿನ ಗೊತ್ತಾಗಲಿ, ಹಲಗೆ ಹಿಡಿದು ಓಣಿ ಓಣಿ ಡಂಗುರ ಸಾರುವವನು ಕೇರಿಯವನು. ಊರಿನ ಗೌಡರ ಮನೆಯಲ್ಲಿ ಸಾವಾದರೆ ಹತ್ತಾರು ಹರದಾರಿ ನಡೆದು ಬೀಗರ ಊರಿಗೆ ಸುದ್ದಿ ಮುಟ್ಟಿಸುವವನೂ ಅವನೇ. ರಾತ್ರಿ ಅನ್ನಂಗಿಲ್ಲ, ಹಳ್ಳ ತುಂಬಿದೆ ಅನ್ನಂಗಿಲ್ಲ. ಮುಟ್ಟಿಸಿದ ಮೇಲೆ ಹೊರಗಿನ ಕಟ್ಟೆಯ ಕೆಳಗೆ ಕೂತು, ಮೇಲಿಂದ ಹಾಕಿದ ರೊಟ್ಟಿ ಕೈಯೊಡ್ಡಿ ತಗೊಂಡು ಹಿಂದಿರುಗಬೇಕು. ಪತ್ರಿಕೋದ್ಯಮದ ತರಗತಿಯಲ್ಲಿ ವರದಿಗಾರ ಚುರುಕಾಗಿರಬೇಕು, ಹೇಳಿದ್ದನ್ನು ತಿರುಚಬಾರದು ಎಂದು ಪಾಠ ಮಾಡುತ್ತಾರೆ. ಈ ಎರಡೂ ಗುಣ ನಮ್ಮ ಹಿರೇರಿಗೆ ಇದ್ದವು. ತಪ್ಪಿದರೆ ಬೆನ್ನ ಮೇಲೆ ಬಾಸುಂಡೆ. ಇಲ್ಲದಿದ್ದದ್ದು ಒಂದೇ: ಯಾವುದು ಸುದ್ದಿ ಎಂದು ತೀರ್ಮಾನಿಸುವ ಅಧಿಕಾರ. ಗೌಡ, ಕುಲಕರ್ಣಿ, ಪೊಲೀಸ್ ಪಾಟೀಲ ಹೇಳಿದ ಮಾತಿಗೆ ಒಂದಕ್ಷರ ಸೇರಿಸುವಂತಿರಲಿಲ್ಲ. ಕೇರಿಯವರಿಗೆ ಬಹಿಷ್ಕಾರ ಹಾಕಿದರೆ ಅದನ್ನೂ ಹಲಗೆ ಬಡಿದೇ ಸಾರುತ್ತಿದ್ದರು. ತನ್ನ ಮನೆಗೇ ನೀರು ಬೆಂಕಿ ಕೊಡಬಾರದೆಂದು ತಾನೇ ಕೂಗುವ ಗತಿ.

1920ರ ಜನವರಿ 31ರಂದು ಅಂಬೇಡ್ಕರ್ ಮರಾಠಿಯಲ್ಲಿ ‘ಮೂಕನಾಯಕ’ ಶುರು ಮಾಡಿದರು. ದುಡ್ಡು ಕೊಡುತ್ತೇವೆಂದರೂ ಅದರ ಜಾಹೀರಾತನ್ನು ತಿಲಕರ ‘ಕೇಸರಿ’ ಹಾಕಲಿಲ್ಲ. 1927ರಲ್ಲಿ ‘ಬಹಿಷ್ಕೃತ ಭಾರತ’, 1930ರಲ್ಲಿ ‘ಜನತಾ’, 1956ರಲ್ಲಿ ‘ಪ್ರಬುದ್ಧ ಭಾರತ’. ಕೈಯಲ್ಲಿ ದುಡ್ಡಿಲ್ಲದೆ, ಓದುವವರಲ್ಲಿ ಅಕ್ಷರವಿಲ್ಲದೆ ಒಬ್ಬ ಮನುಷ್ಯ ನಾಲ್ಕು ಸಲ ಪತ್ರಿಕೆ ಕಟ್ಟಿದ್ದೇಕೆ ಎಂದು ನಮ್ಮ ವಿಮರ್ಶಕರು ಇನ್ನೂ ಸರಿಯಾಗಿ ಕೇಳಿಕೊಂಡಿಲ್ಲ. 1943ರ ಪುಣೆ ಭಾಷಣದಲ್ಲಂತೂ ವೃತ್ತಿಯಾಗಿದ್ದ ಪತ್ರಿಕೋದ್ಯಮ ವ್ಯಾಪಾರವಾಗಿದೆ ಎಂದು ಅವರು ಖಂಡತುಂಡವಾಗಿ ಹೇಳಿದ್ದರು. ‘ಮೂಕ’ ಎಂಬ ಮಾತಿನ ಬಗ್ಗೆ ನನ್ನದೊಂದು ತಕರಾರಿದೆ, ಸಣ್ಣದು. ನಮ್ಮವರು ಮೂಕರಾಗಿರಲಿಲ್ಲ. ಊರಲ್ಲೇ ದೊಡ್ಡ ಗಂಟಲು ಅವರದು. ಆ ಗಂಟಲೊಳಗೆ ಇದ್ದದ್ದು ಬ್ಯಾರೆಯವರ ಮಾತು.

ನಿಜಾಮನ ಆಳ್ವಿಕೆಯಲ್ಲಿ ಈ ಮೂರು ತಾಲ್ಲೂಕುಗಳ ಕಚೇರಿ ಭಾಷೆ ಉರ್ದು. ಕನ್ನಡವೇ ಹಿತ್ತಲಿನಲ್ಲಿದ್ದಾಗ ಕನ್ನಡದ ಕೇರಿಗೆ ಪೇಪರು ಎಲ್ಲಿಂದ ಬರಬೇಕು? ಆ ಕಾಲದ ಪತ್ರಿಕಾ ಸ್ವಾತಂತ್ರ್ಯ ಎಂದಾಕ್ಷಣ ನಾವು ಶೋಯಬುಲ್ಲಾ ಖಾನರನ್ನು ನೆನೆಯುತ್ತೇವೆ, ನೆನೆಯಲೇಬೇಕು. ಹೈದರಾಬಾದು ಭಾರತಕ್ಕೆ ಸೇರಬೇಕೆಂದು ‘ಇಮ್ರೋಜ್’ನಲ್ಲಿ ಬರೆದುದಕ್ಕೆ 1948ರ ಆಗಸ್ಟಿನಲ್ಲಿ ಅವರನ್ನು ಕೈ ಕಡಿದು ಕೊಂದರು. ಮುಂದಿನ ತಿಂಗಳು ಪೊಲೀಸ್ ಕಾರ್ಯಾಚರಣೆ. ಅದರ ಹಿಂದೆಯೇ ನಡೆದ ಮುಸ್ಲಿಮರ ಕೊಲೆಗಳನ್ನು ನೋಡಿಬಂದ ಸುಂದರಲಾಲ್ ಸಮಿತಿ, ಬಹಳ ಪೆಟ್ಟು ತಿಂದ ನಾಲ್ಕು ಜಿಲ್ಲೆಗಳಲ್ಲಿ ನಮ್ಮ ಗುಲಬರ್ಗಾ ಒಂದು ಎಂದು ಬರೆಯಿತು. ಇಡೀ ಸಂಸ್ಥಾನದಲ್ಲಿ ಸತ್ತವರು ಕಡಿಮೆಯೆಂದರೂ 27 ಸಾವಿರದಿಂದ 40 ಸಾವಿರ ಎಂದು ಅಂದಾಜು ಮಾಡಿತು. ಯಾದಗಿರಿ, ಶಹಾಪುರ, ಸುರಪುರ ಆಗ ಅದೇ ಜಿಲ್ಲೆಯವು. ಸರ್ಕಾರ ಆ ವರದಿಯನ್ನು ದಶಕಗಳ ಕಾಲ ಮುಚ್ಚಿಟ್ಟಿತು; ಜನ ಅದನ್ನು ಬಹಿರಂಗವಾಗಿ ಓದುವಂತಾದದ್ದು 2013ರ ಹೊತ್ತಿಗೆ. ಯಾದಗಿರಿಗೆ 1871ರ ಹೊತ್ತಿಗೇ ರೈಲು ಬಂದಿತ್ತು. ರೈಲು ಬಂದ ಊರಿಗೆಲ್ಲ ಸುದ್ದಿ ಬರುತ್ತದೆ, ಅಲ್ಲಿಂದ ಸುದ್ದಿ ಹೋಗುತ್ತದೆ ಎಂದು ನಂಬುವುದು ತಪ್ಪು.

1973ರ ನವೆಂಬರಿನಲ್ಲಿ ಮೈಸೂರಿನ ಸಭೆಯಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದರು. ಆ ಒಂದು ಪದ ರಾಜ್ಯದ ತುಂಬ ಸುದ್ದಿಯಾಯಿತು, ಮಂತ್ರಿಗಿರಿಯೂ ಹೋಯಿತು. ಹಾಸ್ಟೆಲುಗಳಲ್ಲಿ ಹೊಡೆತ ತಿಂದ ದಲಿತ ಹುಡುಗರು ಆ ಅಳತೆಯ ಸುದ್ದಿಯಾಗಲಿಲ್ಲ. ಆ ಸಿಟ್ಟಿನಿಂದಲೇ ದಲಿತ ಸಂಘರ್ಷ ಸಮಿತಿ, ‘ಪಂಚಮ’ ಹುಟ್ಟಿದವು. 1980ರಲ್ಲಿ ‘ಲಂಕೇಶ್ ಪತ್ರಿಕೆ’, 1984ರಲ್ಲಿ ವಡ್ಡರ್ಸೆ ರಘುರಾಮ ಶೆಟ್ಟರ ‘ಮುಂಗಾರು’ ಬಂದು ಸುದ್ದಿಯ ಭಾಷೆಯನ್ನೇ ಬದಲಿಸಿದವು. ನಮ್ಮ ಭಾಗಕ್ಕೆ ಇವೆಲ್ಲ ತಡವಾಗಿ, ಬಸ್ಸಿನಲ್ಲಿ, ಕೈಯಿಂದ ಕೈಗೆ ಬಂದವು. ಆದರೆ ಗುಲಬರ್ಗಾದಲ್ಲಿ 1968ರಲ್ಲೇ ಬಿ. ಶ್ಯಾಮಸುಂದರ್ ಭೀಮಸೇನೆ ಕಟ್ಟಿದ್ದರೆಂಬುದನ್ನು ಬೆಂಗಳೂರು-ಮೈಸೂರಿನ ಚಳವಳಿಗಾರರು ಮರೆಯಬಾರದು. ಚಳವಳಿ ಹಲಗೆಯನ್ನು ಸತ್ತವರ ಮನೆ ಮುಂದಿನಿಂದ ತಹಶೀಲ್ದಾರ್ ಕಚೇರಿ ಮುಂದಕ್ಕೆ ತಂತು. ಅದೇ ಹಲಗೆ, ಮಾತು ಮಾತ್ರ ನಮ್ಮದು.

ಪತ್ರಿಕಾಲಯದ ಬಾಗಿಲು ಅಷ್ಟು ಸುಲಭಕ್ಕೆ ತೆರೆಯಲಿಲ್ಲ. 1996ರಲ್ಲಿ ದಿಲ್ಲಿಯ ಬಿ.ಎನ್. ಉನಿಯಾಲ್ ಒಬ್ಬ ದಲಿತ ಪತ್ರಕರ್ತನನ್ನು ಹುಡುಕಿಕೊಂಡು ಹೊರಟು, ಮಾನ್ಯತೆ ಪಡೆದ 686 ಮಂದಿಯ ಪಟ್ಟಿಯಲ್ಲಿ ಒಬ್ಬನನ್ನೂ ಕಾಣದೆ ‘ಪಯನಿಯರ್’ನಲ್ಲಿ ಬರೆದರು. 2019ರಲ್ಲಿ ಆಕ್ಸ್‌ಫಾಮ್-ನ್ಯೂಸ್‌ಲಾಂಡ್ರಿ ಎಣಿಸಿದಾಗ ಮುಖ್ಯ ಹುದ್ದೆಯ 121 ಜನರಲ್ಲಿ 106 ಮಂದಿ ಮೇಲ್ಜಾತಿಯವರು. ದಲಿತರು, ಆದಿವಾಸಿಗಳು ಸೊನ್ನೆ.

ತಾಲ್ಲೂಕಿನ ಕತೆ ಬೇರೆ. ಇಲ್ಲಿ ನಮ್ಮ ಹುಡುಗರು ಬಾತ್ಮೀದಾರರಾಗಿದ್ದಾರೆ, ಯಾಕಂದರೆ ಸಂಬಳ ಇಲ್ಲ. ಜಾಹೀರಾತು ತಂದರೆ ಕಮಿಷನ್. ಜಾಹೀರಾತು ಕೊಡುವವರು ಗುತ್ತಿಗೆದಾರರು, ಸಾವುಕಾರರು, ಚುನಾವಣೆಗೆ ನಿಲ್ಲುವವರು. ನಾನೂ ಕೆಲವು ವರ್ಷ ಒಂದು ಪತ್ರಿಕೆಗೆ ಸುದ್ದಿ ಕಳಿಸಿದವನೇ, ಅದರ ಹೆಸರು ಬ್ಯಾಡ. ಒಂದು ಹೋಟ್ಲಿನಲ್ಲಿ ನಮ್ಮವರಿಗೆ ಬೇರೆ ಗ್ಲಾಸು ಇಟ್ಟಿದ್ದನ್ನು, ಕೇಳಿದ ಹುಡುಗರನ್ನು ಹೊಡೆದದ್ದನ್ನು ಬರೆದು ಕಳಿಸಿದೆ. ಆಫೀಸಿನಿಂದ ಫೋನು: ‘ಅವರು ದೀಪಾವಳಿಗೆ ಅರ್ಧ ಪುಟ ಕೊಡ್ತಾರಲ್ಲರೀ, ಸ್ವಲ್ಪ ನೋಡ್ಕೊಂಡು ಬರೀರಿ.’ ಮರುದಿನ ‘ಎರಡು ಗುಂಪುಗಳ ನಡುವೆ ಮಾತಿನ ಚಕಮಕಿ’ ಎಂದು ನಾಲ್ಕು ಸಾಲು ಬಂತು. ಗ್ಲಾಸು ಇಲ್ಲ, ಜಾತಿ ಇಲ್ಲ, ಹೊಡೆದವರೂ ಇಲ್ಲ. ಆ ಅರ್ಧ ಪುಟದ ಕಮಿಷನ್ ನಾನೇ ತಗೊಂಡೆ. ಕೇರಿಗೆ ಹೋದಾಗ ಒಬ್ಬ ಹಿರಿಯರು, ‘ತಮ್ಮಾ, ನಾವು ಗೌಡ್ರು ಹೇಳಿದ್ದು ಕೂಗ್ತಿದ್ವಿ. ನೀ ಯಾರು ಹೇಳಿದ್ದು ಬರೀತಿ?’ ಅಂದರು. ಉತ್ತರ ಕೊಡಲಾಗಲಿಲ್ಲ.

ಆದ್ದರಿಂದ ದಲಿತರು ಪತ್ರಿಕೆಯೊಳಗೆ ಹೋದರೆ ಎಲ್ಲ ಸರಿಹೋಯಿತು ಎಂದು ನಾನು ಹೇಳಲಾರೆ. ಕಾಸಿಗೆ ಸುದ್ದಿ ಮಾರುವ ಬಗ್ಗೆ 2010ರಲ್ಲಿ ಪ್ರೆಸ್ ಕೌನ್ಸಿಲಿನ ಉಪಸಮಿತಿ ವರದಿ ಕೊಟ್ಟಾಗ ನಾವು ದೊಡ್ಡ ಪತ್ರಿಕೆಗಳನ್ನು ಬೈದೆವು. ಗುರುತಿನ ಚೀಟಿ ತೋರಿಸಿ ಗ್ರಾಮ ಪಂಚಾಯಿತಿಯಲ್ಲಿ ವಸೂಲಿ ಮಾಡುವ ನಮ್ಮ ಚಿಲ್ಲರೆ ವಾರಪತ್ರಿಕೆಗಳ ಬಗ್ಗೆ ಬಾಯಿ ಬಿಡಲಿಲ್ಲ. 2009ರ ಡಿಸೆಂಬರ್ 30ರಂದು ಯಾದಗಿರಿ ಜಿಲ್ಲೆಯಾದ ಮೇಲೆ ಪತ್ರಿಕಾಗೋಷ್ಠಿಗಳೇನೋ ಹೆಚ್ಚಿದವು.

2024ರ ಸೆಪ್ಟೆಂಬರಿನಲ್ಲಿ, ಮೊದಲು ಸುರಪುರ ತಾಲ್ಲೂಕಿನಲ್ಲೇ ಇದ್ದ ಹುಣಸಗಿ ಭಾಗದ ಒಂದು ಊರಲ್ಲಿ ದಲಿತರಿಗೆ ಬಹಿಷ್ಕಾರ ಹಾಕಿದರು. ಕಾರಣ, ಒಂದು ಪೊಲೀಸ್ ದೂರು. ಅಂಗಡಿಯಲ್ಲಿ ಸಾಮಾನು ಕೊಡಬ್ಯಾಡ್ರಿ ಅನ್ನುವ ಮಾತು ಈ ಸಲ ಹಲಗೆಯಲ್ಲಿ ಬರಲಿಲ್ಲ, ಮೊಬೈಲಿನ ಆಡಿಯೊದಲ್ಲಿ ಬಂತು. ಡಂಗುರಕ್ಕೆ ಈಗ ನಮ್ಮವರು ಬೇಕಿಲ್ಲ. ಆದರೆ ಅದೇ ಮೊಬೈಲಿನಿಂದ ಸುದ್ದಿ ಹೊರಗೂ ಹೋಯಿತು, ಅಧಿಕಾರಿಗಳು ಊರಿಗೆ ಬರಬೇಕಾಯಿತು.

ಈ ಮೂರು ತಾಲ್ಲೂಕುಗಳಲ್ಲಿ ಡಂಗುರ ಸಾರಿದ ಹಿರಿಯರು ಇನ್ನೂ ಕೆಲವರಿದ್ದಾರೆ. ಟೇಲರ್ ಮಂಜಿಲ್ ನೋಡಲು ಬರುವ ವಿದ್ಯಾರ್ಥಿಗಳು ಒಂದು ದಿನ ಅವರ ಅಂಗಳದಲ್ಲೂ ಕೂಡಲಿ. ಯಾವ ಊರಿಗೆ ಯಾರ ಸಾವಿನ ಸುದ್ದಿ ಒಯ್ದಿರಿ, ಆಯ ಎಷ್ಟು ಸೇರು ಜೋಳ, 1948ರಲ್ಲಿ ನಿಮ್ಮಪ್ಪ ಏನು ಕೂಗಿದ, ಕೂಗಲು ಒಪ್ಪದವರು ಯಾರಾದರೂ ಇದ್ದರೇನು ಎಂದು ಕೇಳಿ ಬರ್ಕೊಂಡು ಬರಲಿ.