ಭುಕ್ತಿಯೂ ಬೀಗದ ಕೈಯೂ

ನಮ್ಮ ತಂದೆಯವರು ತೀರಿಕೊಂಡ ವರ್ಷ ಊರಿನ ಮನೆಯ ಬೀಗದ ಕೈಯನ್ನು ನಾನೇ ನನ್ನ ಕೈಯಾರೆ ಒಬ್ಬಾತನಿಗೆ ಕೊಟ್ಟು ಬಂದೆ. ಸಂಜೆ ದೀಪ ಹಚ್ಚಲಿ, ಅಂಗಳ ಗುಡಿಸಲಿ, ಗೆದ್ದಲು ಹತ್ತದಂತೆ ನೋಡಿಕೊಳ್ಳಲಿ ಎಂಬುದಷ್ಟೇ ಉದ್ದೇಶ. ಬಾಡಿಗೆಯ ಮಾತಿಲ್ಲ, ಬರವಣಿಗೆಯಿಲ್ಲ. ಕೆಲಕಾಲದ ಮೇಲೆ ಆತ ಹೆಂಡತಿ ಮಕ್ಕಳನ್ನೂ ಕರೆತಂದ ಸುದ್ದಿ ತಿಳಿಯಿತು. ಇರಲಿ, ಮನೆಯಲ್ಲಿ ಒಲೆ ಉರಿಯುವುದು ಒಳ್ಳೆಯದೇ ಎಂದು ಸುಮ್ಮನಾದೆ. ಒಂಬತ್ತು ವರ್ಷದ ಮೇಲೆ ಹೋಗಿ ಮನೆ ಬಿಟ್ಟುಕೊಡಿ ಎಂದಾಗ, “ಯಾರ ಮನೆ?” ಎಂಬ ಪ್ರಶ್ನೆ ಒಳಗಿನಿಂದ ಬಂತು.

ನಮ್ಮ ಚಿಕ್ಕಪ್ಪನವರದು ನೇರ ಮಾತು. “ನಾಲ್ಕು ಜನರನ್ನು ಕರೆದುಕೊಂಡು ಹೋಗಿ ಪಾತ್ರೆಪಡಗ ಬೀದಿಗೆ ಹಾಕೋಣ ಕಣೋ. ನಿನ್ನ ಮನೆಗೆ ನೀನು ಹೋಗುವುದಕ್ಕೆ ಯಾರ ಅಪ್ಪಣೆ ಬೇಕು?” ಎಂದರು. ನಿಜ ಹೇಳುವುದಾದರೆ ಆ ರಾತ್ರಿ ನನಗೂ ಅದೇ ಸರಿಯೆನಿಸಿತ್ತು. ತಡೆದವನು ಹಿಂದೆ ನನ್ನಲ್ಲಿ ಕನ್ನಡ ಓದಿ, ಈಗ ವಕೀಲಿ ಮಾಡುತ್ತಿರುವ ಶಿಷ್ಯ. “ಬೇಡಿ ಸಾರ್, ಕೈಮಾಡಿದರೆ ಆತ ವಾದಿ, ನೀವು ಪ್ರತಿವಾದಿ” ಎಂದ. ಮನೆ ಕಳೆದುಕೊಂಡವನೇ ಪ್ರತಿವಾದಿ! ಮೇಷ್ಟರಿಗೆ ಸಿಟ್ಟು ಬಂದರೆ ಪುಸ್ತಕ ತೆಗೆಯುವುದೊಂದೇ ಗತಿ. ನಾನೂ ತೆಗೆದೆ.

ಈ ಜಗಳ ಹೊಸದಲ್ಲ. ವ್ಯವಹಾರದಲ್ಲಿ ಪ್ರಮಾಣಗಳು ಮೂರು ಎಂದು ಯಾಜ್ಞವಲ್ಕ್ಯಸ್ಮೃತಿ ಎಣಿಸುತ್ತದೆ: ಲಿಖಿತ, ಭುಕ್ತಿ, ಸಾಕ್ಷಿ. ಕಾಗದ, ಅನುಭೋಗ, ಕಂಡವರ ಮಾತು. ಅದೇ ಸ್ಮೃತಿ ಇನ್ನೊಂದು ಕಠಿಣವಾದ ಮಾತನ್ನೂ ಹೇಳಿದೆ. ತನ್ನ ನೆಲವನ್ನು ಪರನು ಅನುಭವಿಸುತ್ತಿರುವುದನ್ನು ಕಣ್ಣಾರೆ ಕಂಡೂ ಬಾಯಿಬಿಡದೆ ಕುಳಿತ ಒಡೆಯನಿಗೆ 20 ವರ್ಷದಲ್ಲಿ ಹಾನಿ. ಇತರ ಸ್ವತ್ತಿಗಾದರೆ 10 ವರ್ಷ. ಮಕ್ಕಳ ಸ್ವತ್ತು, ಬುದ್ಧಿ ಬಲಿಯದವರ ಸ್ವತ್ತು, ಹೆಂಗಸರ ಸ್ವತ್ತು, ಒತ್ತೆ, ಗಡಿ ಮುಂತಾದವುಗಳಿಗೆ ಈ ನಿಯಮ ತಾಗದು. ಬಾಯಿಬಿಡಲಾರದವರ ಮೌನವನ್ನು ಒಪ್ಪಿಗೆಯೆಂದು ತಿಳಿಯಬಾರದೆಂಬ ವಿವೇಕ ಅದರಲ್ಲಿದೆ.

ಆದರೆ “ಹಾನಿ” ಎಂದರೇನು? ಈ ಪ್ರಶ್ನೆಯನ್ನು ಹಿಡಿದು ಅಲುಗಾಡಿಸಿದವನು ನಮ್ಮ ಕಲ್ಯಾಣದ ವಿಜ್ಞಾನೇಶ್ವರ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ ಆತ ಬರೆದ ಮಿತಾಕ್ಷರಾ ವ್ಯಾಖ್ಯಾನ ಮುಂದೆ ಭಾರತದ ಬಹುಭಾಗದ ನ್ಯಾಯಾಲಯಗಳಿಗೆ ಹಿಂದೂ ಕಾನೂನಿನ ಆಧಾರವಾಯಿತು. (ಕಲ್ಯಾಣದಂಥ ಊರಿಲ್ಲ, ವಿಕ್ರಮನಂಥ ಅರಸನಿಲ್ಲ, ತನ್ನಂಥ ಪಂಡಿತನಿಲ್ಲ ಎಂದು ಗ್ರಂಥದ ಕೊನೆಯಲ್ಲಿ ಆತ ಬೀಗಿಕೊಂಡಿರುವುದನ್ನು ನಾವು ಧಾರಾಳವಾಗಿ ಕ್ಷಮಿಸಬಹುದು.) ಆತನ ತರ್ಕ ಸರಳ. ಒಡೆತನ ಹುಟ್ಟುವುದು ಕ್ರಯದಿಂದ, ದಾನದಿಂದ, ಪಿತ್ರಾರ್ಜಿತದಿಂದ. ಒಬ್ಬನು ಸುಮ್ಮನಿದ್ದ ಮಾತ್ರಕ್ಕೆ ಅದು ಅವನಿಂದ ಹಾರಿ ಇನ್ನೊಬ್ಬನ ಮೇಲೆ ಹೇಗೆ ಕೂತೀತು? ಆದ್ದರಿಂದ 20 ವರ್ಷ ಮೌನವಾಗಿದ್ದವನು ಕಳೆದುಕೊಳ್ಳುವುದು ನೆಲವನ್ನಲ್ಲ, ಅಷ್ಟುಕಾಲ ಪರನು ಉಂಡ ಫಲವನ್ನು. ನೆಲ ಹಿಂತಿರುಗುತ್ತದೆ, ಉಂಡದ್ದು ತಿರುಗುವುದಿಲ್ಲ. ಭುಕ್ತಿಯೇ ಹಕ್ಕಾಗಬೇಕಾದರೆ ಅದು ಮನುಷ್ಯರ ನೆನಪನ್ನು ಮೀರಿದ ಕಾಲದಿಂದ, ಸುಮಾರು ನೂರು ವರ್ಷ, ಬಂದಿರಬೇಕು. ನನ್ನಂಥ ಅಲಕ್ಷ್ಯದ ಮನುಷ್ಯನಿಗೆ ತಕ್ಕ ದಂಡನೆ ಇದೇ ಎಂದು ನನಗೆ ತೋರುತ್ತದೆ.

ಕಂಪನಿ ಸರ್ಕಾರದ ಲೆಕ್ಕ ಬೇರೆ. 1793ರ ಬಂಗಾಳದ ರೆಗ್ಯುಲೇಷನ್ 12 ವರ್ಷದ ವಾಯಿದೆಯನ್ನು ಗೊತ್ತುಮಾಡಿತು. 1859ರ ಕಾಲಮಿತಿ ಕಾಯಿದೆಯೂ ಸ್ಥಿರಾಸ್ತಿಗೆ ಅದನ್ನೇ ಉಳಿಸಿಕೊಂಡಿತು. 1871ರ ಕಾಯಿದೆ ಇನ್ನೊಂದು ಹೆಜ್ಜೆ ಮುಂದಿಟ್ಟು, ಅವಧಿ ಮೀರಿದರೆ ದಾವೆಯಷ್ಟೇ ಅಲ್ಲ, ಭೂಮಿಯ ಮೇಲಣ ಹಕ್ಕೇ ಅಳಿದುಹೋಗುವುದೆಂದು ಬರೆಯಿತು. 1963ರ ಕಾಯಿದೆಯಲ್ಲಿಯೂ ಆ ಮಾತು ಹಾಗೆಯೇ ಇದೆ. 2008ರಲ್ಲಿ ಸುಪ್ರೀಂ ಕೋರ್ಟು ಈ ನಿಯಮ ಯುಕ್ತಿಗೆ ಹೊಂದದ್ದೆಂದು ಟೀಕಿಸಿತು; 2023ರಲ್ಲಿ ಕಾನೂನು ಆಯೋಗ ಬದಲಾವಣೆ ಬೇಡವೆಂದಿತು. ನನ್ನ ಓಟು ವಿಜ್ಞಾನೇಶ್ವರನಿಗೆ.

ಇನ್ನು ಚಿಕ್ಕಪ್ಪನವರ ಉಪಾಯದ ವಿಚಾರ. ರೈತರ ದಂಗೆಯಾದ 1381ರಲ್ಲೇ ಇಂಗ್ಲೆಂಡಿನ ಶಾಸನವೊಂದು, ಹಕ್ಕಿದ್ದವನೂ ಗುಂಪು ಕಟ್ಟಿಕೊಂಡು ಬಲಾತ್ಕಾರದಿಂದ ಒಳನುಗ್ಗಬಾರದೆಂದು ವಿಧಿಸಿತ್ತು. ನಮ್ಮಲ್ಲಿ 1877ರ ನಿರ್ದಿಷ್ಟ ಪರಿಹಾರ ಕಾಯಿದೆಯ 9ನೆಯ ಕಲಮು, 1963ರಿಂದ 6ನೆಯ ಕಲಮು, ಇದನ್ನು ಇನ್ನಷ್ಟು ಬಿಗಿಮಾಡಿತು. ಕಾನೂನಿನ ಕ್ರಮವಿಲ್ಲದೆ ಹೊರದೂಡಲ್ಪಟ್ಟವನು 6 ತಿಂಗಳೊಳಗೆ ದಾವೆ ಹೂಡಿದರೆ ಅವನಿಗೆ ಸ್ವಾಧೀನ ಮರಳಿ ಸಿಗುತ್ತದೆ. ಮನೆ ಯಾರದೆಂಬ ಪ್ರಶ್ನೆಯನ್ನು ಆ ದಾವೆಯಲ್ಲಿ ಎತ್ತುವಂತೆಯೇ ಇಲ್ಲ. ನೆನ್ನೆ ಮೊನ್ನೆ ನುಗ್ಗಿದವನನ್ನು ಒಡೆಯನು ಮಿತವಾದ ಬಲದಿಂದ ಹೊರಹಾಕಬಹುದು, ಆದರೆ ನೆಲೆನಿಂತವನನ್ನು ಕೋರ್ಟಿನ ಮೂಲಕವೇ ಬಿಡಿಸಬೇಕು ಎಂದು ಕರ್ನಾಟಕದಿಂದ ಹೋದ ಮೊಕದ್ದಮೆಯೊಂದರಲ್ಲಿ ಸುಪ್ರೀಂ ಕೋರ್ಟು 2003ರಲ್ಲಿ ವಿವರಿಸಿದೆ. ಒಂಬತ್ತು ವರ್ಷ ಅಡಿಗೆ ಮಾಡಿ ಉಂಡವನು ನೆಲೆನಿಂತವನಲ್ಲದೆ ಮತ್ತೇನು?

ಆ ಮೂಲಕದ ದಾರಿ ಉದ್ದವಾದದ್ದು: ನೋಟೀಸು, ದಾವೆ, ವಿಚಾರಣೆ, ಡಿಕ್ರಿ, ಡಿಕ್ರಿಯ ಜಾರಿಗೆ ಇನ್ನೊಂದು ಅರ್ಜಿ. ಕಟ್ಟಕಡೆಗೆ ಕೋರ್ಟಿನ ಅಮೀನ ವಾರಂಟು ಹಿಡಿದು ಬರುತ್ತಾನೆ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆ ಬೀಗ ತೆಗೆಯುವ, ಬಾಗಿಲು ಒಡೆಯುವ ಅಧಿಕಾರವನ್ನೂ ಅವನಿಗೆ ಕೊಟ್ಟಿದೆ. ಆದರೆ ಒಳಗೆ ಹೊರಬರುವ ವಾಡಿಕೆಯಿಲ್ಲದ ಹೆಂಗಸರಿದ್ದರೆ ಮೊದಲು ಎಚ್ಚರಿಕೆ ಕೊಟ್ಟು, ಅವರು ಹೊರಟುಹೋಗಲು ಅನುಕೂಲ ಮಾಡಿಕೊಡಬೇಕು. ಈ ಸಾಲನ್ನು ಓದಿದಾಗ ಬೀದಿಗೆ ಬೀಳಲಿದ್ದ ಪಾತ್ರೆಪಡಗ ಕಣ್ಣಿಗೆ ಕಟ್ಟಿತು. ಆತನ ಮಗಳು ಈ ವರ್ಷ ಎಸ್.ಎಸ್.ಎಲ್.ಸಿ. ಓದುತ್ತಿದ್ದಾಳೆ; ಅವಳ ಪುಸ್ತಕಗಳೂ ಆ ರಾಶಿಯಲ್ಲಿ ಇರುತ್ತಿದ್ದವು.

ನಂಬಿಕೆಯಿಂದ ಇರಿಸಿದ ಕಾವಲುಗಾರನು ಎಷ್ಟು ವರ್ಷವಿದ್ದರೂ ಹಕ್ಕುದಾರನಾಗನೆಂದು 2012ರಲ್ಲಿ ಗೋವೆಯ ಮನೆಯೊಂದರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿದೆ. ಶಿಷ್ಯನ ಧೈರ್ಯವೆಲ್ಲ ಅದರ ಮೇಲೆ. ಆದರೆ ಕಾವಲಿಗೆ ಇರಿಸಿದ್ದೆಂದು ತೋರಿಸಬೇಕಲ್ಲ. ಮನೆಯ ಹಕ್ಕಿಗೆ ತಂದೆಯವರ ಕ್ರಯಪತ್ರವಿದೆ. ಕೈ ಕೊಟ್ಟದ್ದಕ್ಕೆ ಒಂದು ಚೀಟಿಯೂ ಇಲ್ಲ. ಭುಕ್ತಿಯೆಂಬುದು ಆತನ ಕಡೆ. ಉಳಿದದ್ದು ಸಾಕ್ಷಿ. ನಾನು ಬೀಗದ ಕೈ ಕೊಡುವಾಗ ಪಕ್ಕದ ಮನೆಯ ಅಜ್ಜಿ ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಅವರಿಗೀಗ 84. ಹೋದ ತಿಂಗಳು ಹೋಗಿ ಕೇಳಿದೆ. “ನೆನಪಿಲ್ಲದೆ ಏನಪ್ಪ, ದೀಪ ಹಚ್ಚೋಕೆ ಅಂತ ತಾನೆ ಕೊಟ್ಟೆ?” ಎಂದರು. ದಾವೆ ಹೂಡಿದ್ದಾಗಿದೆ, ಮೊದಲ ವಾಯಿದೆ ಬರುವ ತಿಂಗಳ ಹದಿನಾಲ್ಕಕ್ಕೆ.