ಹೊಸಕೋಟೆಯ ನೀಲಗಿರಿ ತೋಪು ಕೊಟ್ಟ ಲೆಕ್ಕ

ಬೆಂಗಳೂರು ಗ್ರಾಮಾಂತರದ ನಾಲ್ಕೂ ತಾಲ್ಲೂಕುಗಳಲ್ಲಿ ರಾಗಿ ಹೊಲದ ಬದುವಿಗೆ ತಾಗಿಯೇ ನೀಲಗಿರಿ ತೋಪುಗಳಿವೆ. ಅರಣ್ಯ ವಿಜ್ಞಾನ ಕಂಡುಕೊಂಡದ್ದು ಸರ್ಕಾರದ ಆದೇಶವಾಗಲು ಎಷ್ಟು ಕಾಲ ಬೇಕು ಎಂಬುದಕ್ಕೆ ಈ ಮರದ ಚರಿತ್ರೆಯೇ ಉತ್ತರ.

ನೀಲಗಿರಿ ಈ ಸೀಮೆಗೆ ಬಂದದ್ದು 1790ರ ಸುಮಾರಿಗೆ, ಟಿಪ್ಪುವಿನ ಕಾಲದ ನಂದಿಬೆಟ್ಟದ ತೋಟಕ್ಕೆ ಎನ್ನುತ್ತಾರೆ. ಅಲ್ಲಿಂದ ಹರಡಿದ ತಳಿ ‘ಮೈಸೂರು ಗಮ್’ ಎಂದು ಹೆಸರಾಯಿತು. 1980ರ ದಶಕದ ಸಾಮಾಜಿಕ ಅರಣ್ಯ ಯೋಜನೆ ಅದನ್ನು ರೈತರ ಹೊಲಕ್ಕಿಳಿಸಿತು. ದನ ಮೇಯುವುದಿಲ್ಲ, ಕಾವಲು ಬೇಡ, ಕಡಿದರೆ ಕೂಳೆಯಿಂದ ಮತ್ತೆ ಚಿಗುರುತ್ತದೆ. ಕೂಲಿಯಾಳು ಸಿಗದ ರೈತನಿಗೆ ಇನ್ನೇನು ಬೇಕು? ಆದರೆ 1983ರಲ್ಲಿ ತುಮಕೂರು ಜಿಲ್ಲೆಯಲ್ಲಿ ರೈತಸಂಘದವರು ನರ್ಸರಿಗೆ ನುಗ್ಗಿ ಸಸಿಗಳನ್ನು ಕಿತ್ತರು. ಪರಿಸರ ಸಂಶೋಧಕರಾದ ವಂದನಾ ಶಿವ, ಜಯಂತ ಬಂಡೋಪಾಧ್ಯಾಯ ನೀಲಗಿರಿ ನೆಲದ ನೀರು ಬತ್ತಿಸುತ್ತದೆ ಎಂದು ಬರೆದರು. ಅರಣ್ಯಾಧಿಕಾರಿಗಳು ಅದರ ಪರ ನಿಂತರು. ವಾದ ಜೋರಾಗಿತ್ತು, ಈ ನೆಲದಲ್ಲಿ ಮಾಡಿದ ಅಳತೆ ಇರಲಿಲ್ಲ.

ಅಳತೆಗೆ ಕೈಹಾಕಿದವರು ಬ್ರಿಟನ್ನಿನ ಜಲವಿಜ್ಞಾನಿ ಇಯಾನ್ ಕಾಲ್ಡರ್ ಮತ್ತು ಸಂಗಡಿಗರು. ಕರ್ನಾಟಕ ಅರಣ್ಯ ಇಲಾಖೆಯ ಜೊತೆಗೂಡಿ ಶಿವಮೊಗ್ಗ ಭಾಗದಲ್ಲೂ ಹೊಸಕೋಟೆಯಲ್ಲೂ ಮರ ಕುಡಿಯುವ ನೀರನ್ನು ಲೆಕ್ಕಹಾಕಿದರು. ಸುಮಾರು 3 ಮೀಟರ್ ಆಳದ ಮಣ್ಣಿನಲ್ಲಿ ನೀಲಗಿರಿ ಬಳಸಿದ್ದು ಅಲ್ಲಿನ ಎಲೆಯುದುರುವ ಕಾಡಿಗಿಂತ ಹೆಚ್ಚಲ್ಲ; ಆದರೆ ರಾಗಿಯಂಥ ಬೆಳೆಯ ಸುಮಾರು ಎರಡರಷ್ಟು. ಹೊಸಕೋಟೆಯಲ್ಲಿ ಮಣ್ಣು 8 ಮೀಟರಿಗೂ ಆಳ. ಅಲ್ಲಿ 3 ವರ್ಷಗಳಲ್ಲಿ ಬಿದ್ದ ಮಳೆ 2,100 ಮಿಲಿಮೀಟರ್, ಮರಗಳು ಬಳಸಿದ ನೀರು 3,400 ಮಿಲಿಮೀಟರ್. ಬೇರು ವರ್ಷ ವರ್ಷ ಕೆಳಗಿಳಿದು, ಹಿಂದಿನ ಮಳೆಗಳು ಮಣ್ಣಿನಲ್ಲಿ ಕೂಡಿಟ್ಟದ್ದನ್ನೂ ಹೀರಿತ್ತು. ಇದು ಪ್ರಕಟವಾದದ್ದು 1997ರಲ್ಲಿ.

ನಂದಿಬೆಟ್ಟದಲ್ಲಿ ಹುಟ್ಟಿ ದೊಡ್ಡಬಳ್ಳಾಪುರದ ಮೇಲೆ ಹರಿಯುವ ಅರ್ಕಾವತಿ ಏಕೆ ಬತ್ತಿತು ಎಂಬುದನ್ನು ಬೆಂಗಳೂರಿನ ‘ಏಟ್ರೀ’ ಸಂಸ್ಥೆಯ ವೀಣಾ ಶ್ರೀನಿವಾಸನ್, ಶರಚ್ಚಂದ್ರ ಲೇಲೆ ಮತ್ತಿತರರು ಪರಿಶೀಲಿಸಿ 2015ರಲ್ಲಿ ಬರೆದರು. ಮಳೆ ಕಡಿಮೆಯಾದದ್ದು ಕಾರಣವಲ್ಲ. ಕೊಳವೆಬಾವಿಗಳು ಅಂತರ್ಜಲ ಬರಿದು ಮಾಡಿದ್ದು ಮತ್ತು ನೀಲಗಿರಿ ಹಬ್ಬಿದ್ದು ಮುಖ್ಯ ಕಾರಣಗಳಿರಬೇಕು ಎಂದು ಅವರು ಕಂಡರು.

ರಾಜ್ಯ ಸರ್ಕಾರ ನೀಲಗಿರಿ ನಾಟಿ ನಿಷೇಧಿಸಿದ್ದು 2017ರಲ್ಲಿ. ಹೊಸಕೋಟೆಯ ಲೆಕ್ಕ ಆದೇಶವಾಗಲು 20 ವರ್ಷ ಬೇಕಾಯಿತು. ಅಷ್ಟರಲ್ಲಿ ಒಂದೇ ತೋಪನ್ನು ಮೂರು ಸಲ ಕಡಿದು ಕೂಳೆ ಬಿಡಬಹುದು. ನಿಷೇಧ ಸರಿಯಾದ ಹೆಜ್ಜೆಯೇ. ಆದರೆ ವಿಜ್ಞಾನ ಹೇಳಿದ್ದು ಮರದ ಹೆಸರನ್ನಷ್ಟೇ ಅಲ್ಲ, ಮಣ್ಣಿನ ಆಳವನ್ನೂ ಕೊಳವೆಬಾವಿಯನ್ನೂ ಕೂಡ. ಬೇರು ಕಿತ್ತ ಹೊಲದಲ್ಲಿ ಇನ್ನೊಂದು ಕೊಳವೆಬಾವಿ ಕೊರೆದರೆ ಉಳಿದ ನೀರು ಮತ್ತೆ ಹೋಗುತ್ತದೆ.

ಮರ ವಿಜ್ಞಾನ ಸಂಸ್ಥೆ ಬೆಂಗಳೂರಿನ ಮಲ್ಲೇಶ್ವರದಲ್ಲಿದೆ, ಕೃಷಿ ವಿಶ್ವವಿದ್ಯಾಲಯ ಅಲ್ಲಿನ ಜಿಕೆವಿಕೆ ಆವರಣದಲ್ಲಿದೆ; ಜಿಲ್ಲೆಯ ಯಾವ ಊರಿಗೂ ಅವು ದೂರವಲ್ಲ. ನೀಲಗಿರಿ ತೆಗೆದ ಹೊಲಕ್ಕೆ ಹೊಂಗೆಯೋ ಹುಣಸೆಯೋ ಹಲಸೋ ಎಂದು ತೀರ್ಮಾನಿಸುವ ಮೊದಲು ಅಲ್ಲಿನ ಮಣ್ಣಿನ ಆಳ, ಬಾವಿಯ ನೀರಿನ ಮಟ್ಟ ಗ್ರಾಮ ಪಂಚಾಯಿತಿಯ ಪುಸ್ತಕಕ್ಕೆ ಏರಲಿ, ವಿಜ್ಞಾನಿಗಳು ಅದನ್ನು ಗ್ರಾಮಸಭೆಯಲ್ಲಿ ಕನ್ನಡದಲ್ಲಿ ವಿವರಿಸಲಿ. ಮುಂದಿನ ಆದೇಶಕ್ಕೆ ಇನ್ನೂ 20 ವರ್ಷ ಕಾಯುವಷ್ಟು ನೀರು ಈ ನೆಲದಲ್ಲಿ ಉಳಿದಿಲ್ಲ.